ಒಡೆಯನ ಹೊಸ್ತಿಲು ದಾಟಿದವರು

ಹೊಸೂರಿನಿಂದ ಕೆಲಮಂಗಲ, ಡೆಂಕಣಿಕೋಟೆ, ತಳಿಗಳ ಮಾರ್ಗವಾಗಿ ಅಂಚೆಟ್ಟಿಯ ಕಾಡಿನವರೆಗೆ ಹಬ್ಬಿರುವ, ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಯ ಚರಿತ್ರೆಯನ್ನು ಬರೆದವರು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಕಂಪನಿಯ ವಶವಾದುದನ್ನೂ, ಟಿಪ್ಪುವಿನ ಪತನಾನಂತರ 1799ರಲ್ಲಿ ಹೊಸೂರು ಅದೇ ದಾರಿ ಹಿಡಿದುದನ್ನೂ, ರೀಡ್ ಮತ್ತು ಮನ್ರೋ ಎಂಬ ಅಧಿಕಾರಿಗಳು ಬಾರಾಮಹಲಿನ ಭೂಮಿಯನ್ನು ಅಳೆಸಿ ರೈತವಾರಿ ಪದ್ಧತಿಗೆ ತಳಹದಿ ಹಾಕಿದುದನ್ನೂ ವಿಸ್ತಾರವಾಗಿ ನಿರೂಪಿಸಿದ್ದಾರೆ. ಅಳತೆಗೊಳಗಾದ ಆ ಹೊಲಗಳನ್ನು ಉತ್ತು ಬಿತ್ತಿದವರಲ್ಲಿ ಅನೇಕರು ಮಾತ್ರ ಪಟ್ಟಾದಾರರಾಗಿರಲಿಲ್ಲ. ಪಟ್ಟಾದಾರರ ಮನೆಯ ಜೀತದಾಳುಗಳಾಗಿದ್ದರು. ಅವರು ಹೇಗೆ ಸಿಕ್ಕಿಬಿದ್ದರು, ಯಾವ ಬಲದಿಂದ ಹೊರಬಂದರು ಎಂಬುದೂ ಈ ನಾಡಿನ ಇತಿಹಾಸದ ಒಂದು ಮುಖ್ಯ ಅಧ್ಯಾಯವೆಂದು ನಾನು ಭಾವಿಸಿದ್ದೇನೆ.

ಜೀತದ ಕಟ್ಟಳೆ ನೋಡುವುದಕ್ಕೆ ಸರಳವಾದುದು. ಮಗಳ ಮದುವೆಗೋ, ತಂದೆಯ ಮಣ್ಣಿಗೋ, ಮಳೆ ತಪ್ಪಿದ ವರ್ಷದ ರಾಗಿಗೋ ಒಡೆಯನಿಂದ ಸಾಲ ಪಡೆದವನು, ಅದು ತೀರುವವರೆಗೆ ತಾನಾಗಲಿ ತನ್ನ ಮಗನಾಗಲಿ ಆ ಮನೆಯಲ್ಲಿ ದುಡಿಯುವುದಾಗಿ ಒಪ್ಪಿಕೊಳ್ಳುತ್ತಿದ್ದನು. ಕೋಳಿ ಕೂಗುವ ಮುನ್ನ ಎದ್ದು ಕೊಟ್ಟಿಗೆಯ ಸಗಣಿ ಬಾಚುವುದರಿಂದ ಮೊದಲಾಗಿ ಇರುಳು ಹೊಲದ ಕಾವಲಿನವರೆಗೆ ಸಾಗುತ್ತಿದ್ದ ಆ ದುಡಿಮೆಗೆ ಸಲ್ಲುತ್ತಿದ್ದುದು ಮುದ್ದೆ, ಒಂದು ಕಂಬಳಿ, ಹಬ್ಬಕ್ಕೊಂದು ಬಟ್ಟೆ. ದುಡಿದದ್ದೆಲ್ಲ ಬಡ್ಡಿಗೆ ವಜಾ ಆಗಿ ಅಸಲು ಇದ್ದಲ್ಲಿಯೇ ಇರುತ್ತಿತ್ತು. ಜ್ವರ ಬಂದು ಮಲಗಿದ ದಿನವೂ, ಮೇಯಲು ಹೋಗಿ ತಪ್ಪಿಸಿಕೊಂಡ ಕರುವೂ ಲೆಕ್ಕಕ್ಕೆ ಸೇರಿ ಸಾಲ ಬೆಳೆಯುತ್ತಿತ್ತು. ತಂದೆ ತೀರಿಕೊಂಡರೂ ತೀರದ ಸಾಲ ಮಗನ ಹೆಗಲಿಗೆ ಇಳಿಯುತ್ತಿತ್ತು. ಇವೆಲ್ಲಕ್ಕಿಂತಲೂ ಬಿಗಿಯಾದ ಗಂಟು ಮತ್ತೊಂದಿತ್ತು. “ಹುಡುಗ ನಮ್ಮ ಮನೆಯವನೇ” ಎಂದು ಒಡತಿ ನೆಂಟರೆದುರು ಹೇಳುತ್ತಿದ್ದಳು. ಆ ಮನೆಯವನಿಗೆ ಊಟ ಹಿತ್ತಲಲ್ಲಿ, ತಟ್ಟೆ ಬೇರೆ, ಮಲಗುವುದು ದನಗಳ ಜೊತೆಯಲ್ಲಿ. ಕೂಲಿ ಕೇಳುವುದು ಹಕ್ಕಿನ ಮಾತಾಗದೆ, ಅನ್ನವಿಟ್ಟವರಿಗೆ ಬಗೆಯುವ ದ್ರೋಹವಾಗಿ ಕಾಣುವಂತೆ ಮಾಡಿದ್ದು ಬಾಂಧವ್ಯದ ಈ ಸೋಗು.

ಈ ಬಂಧನಕ್ಕೆ ಸಂಕೋಲೆ ಬೇಕಾಗಿರಲಿಲ್ಲ. ಕರ್ಪೂರ ಆರಿಸಿ ಮಾಡಿದ ಪ್ರಮಾಣವೇ ಸಾಕಾಗಿತ್ತು. ಋಣ ತೀರಿಸದೆ ಹೋದವನು ಮರುಜನ್ಮದಲ್ಲಿ ಅದೇ ಮನೆಯ ಎತ್ತಾಗಿ ಹುಟ್ಟುವನೆಂಬ ಭಯ ಸಾಕಾಗಿತ್ತು. ಹೀಗೆ ಒಡೆಯರ ಪಕ್ಷಕ್ಕೆ ಸೇರಿಸಲ್ಪಟ್ಟ ದೇವರನ್ನು ಆಳುಗಳು ಅಲ್ಲಿಯೇ ಬಿಟ್ಟುಕೊಡಲಿಲ್ಲವೆಂಬುದು ನನಗೆ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ. ಅಂಚೆಟ್ಟಿಯ ಕಾಡಿನ ಆಚೆ, ಕಾವೇರಿಯ ಮತ್ತೊಂದು ಮಗ್ಗುಲಿಗೆ ಇರುವ ಮಲೆಯಲ್ಲಿ ನೆಲೆಗೊಂಡ ಮಾದೇಶ್ವರನ ಕಥೆಯನ್ನು ಕಂಸಾಳೆಯವರು ಹಾಡುವಾಗ, ದೇವತೆಗಳನ್ನೇ ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಂಡ ಬಂಕಾಪುರಿಯ ಶ್ರವಣದೊರೆಯೂ, ಅವನನ್ನು ಅರಗಿನ ಪಾದರಕ್ಷೆಯ ಉಪಾಯದಿಂದ ಸಂಹರಿಸಿ ಸೆರೆ ಬಿಡಿಸಿದ ಮಾದಪ್ಪನೂ ಕೇಳುವವರ ಕಣ್ಣೆದುರು ನಿಲ್ಲುತ್ತಾರೆ. ದೇವತೆಗಳೇ ಜೀತಕ್ಕೆ ಬಿದ್ದು ಬಿಡುಗಡೆ ಹೊಂದಿದರೆಂದು ನಂಬಿದ ಜನಕ್ಕೆ ತಮ್ಮ ಜೀತವೂ ವಿಧಿಲಿಖಿತವಾಗಿ ತೋರಬೇಕಾಗಿರಲಿಲ್ಲ. ಕೈಯಲ್ಲಿ ಕಾಸಿಲ್ಲದೆ, ಮುಂದಿನ ಊಟ ಎಲ್ಲಿಯೆಂದು ತಿಳಿಯದೆ, “ಮಾದಪ್ಪ ಕಾಯ್ತಾನೆ” ಎಂಬ ಒಂದೇ ಭರವಸೆಯಿಂದ ಹೊಸ್ತಿಲು ದಾಟುವುದಕ್ಕೆ ಇಂಥ ದೇವರು ಬೇಕಾಗಿದ್ದನು.

ಏಕೆಂದರೆ ಕಾನೂನು ಆಗ ಅವರ ಕಡೆಗಿರಲಿಲ್ಲ. 1843ರ ಐದನೆಯ ಶಾಸನವು ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ನಿಲ್ಲಿಸಿತಾದರೂ, ಸಾಲದ ಕರಾರಿನ ವೇಷ ತೊಟ್ಟ ಜೀತ ಅದರ ಕೈಗೆ ಸಿಗಲಿಲ್ಲ. 1859ರ ಹದಿಮೂರನೆಯ ಶಾಸನವಂತೂ, ಎಲ್ಲ ಪ್ರದೇಶಗಳಿಗೂ ಏಕಕಾಲಕ್ಕೆ ಅನ್ವಯಿಸದಿದ್ದರೂ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವನನ್ನು ಮ್ಯಾಜಿಸ್ಟ್ರೇಟನೆದುರು ನಿಲ್ಲಿಸಿ, ಆಜ್ಞೆಗೆ ಮಣಿಯದಿದ್ದರೆ ಮೂರು ತಿಂಗಳವರೆಗೆ ಸೆರೆಗೆ ಕಳುಹಿಸಲು ಅವಕಾಶ ಕೊಟ್ಟಿತು. ಅದು ರದ್ದಾದದ್ದು 1925ರ ಶಾಸನದಿಂದ. ಈ ನಡುವೆ 1876–78ರ ಮಹಾಕ್ಷಾಮವು, ಈ ಸೀಮೆ ಆಗ ಸೇರಿದ್ದ ಸೇಲಂ ಜಿಲ್ಲೆಯನ್ನು ಭೀಕರವಾಗಿ ಬಾಧಿಸಿತು. ಹೊರಟವರಿಗೆ ಕೆಲವು ದಾರಿಗಳು ತೆರೆದವು: 1880ರ ದಶಕದಿಂದ ಬೆಳೆದ ಕೋಲಾರದ ಚಿನ್ನದ ಗಣಿ, ಬೆಂಗಳೂರಿನ ದಂಡುಪ್ರದೇಶ, ಸಿಂಹಳದ ತೋಟಗಳು. ತೋಟಕ್ಕೆ ಹೋದವನನ್ನು, ಆಳುಗಳನ್ನು ಕಲೆಹಾಕುವ ಕಂಗಾಣಿಯ ಮುಂಗಡ ಮತ್ತೆ ಕಟ್ಟಿಹಾಕುತ್ತಿತ್ತು. ಗಣಿಗೆ ಇಳಿದವನ ಮೇಲೆ ಬಂಡೆ ಸಿಡಿಯುವ ಅಪಾಯವಿತ್ತು. ಆದರೂ ಗಣಿಯಲ್ಲಿ ಕೂಲಿ ನಗದಾಗಿ ಕೈಗೆ ಬರುತ್ತಿತ್ತು, ಕೆಲಸಕ್ಕೆ ಒಂದು ಹೊತ್ತಿತ್ತು. ತಲೆಮಾರುಗಳಿಂದ ಇವೆರಡನ್ನೂ ಕಾಣದವರಿಗೆ ಅದು ದೊಡ್ಡ ಬದಲಾವಣೆಯಾಗಿತ್ತು.

ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಮದರಾಸಿನ ಪ್ರಧಾನಿಗಳಾಗಿದ್ದಾಗ 1938ರಲ್ಲಿ ಕೃಷಿಕರ ಋಣಪರಿಹಾರ ಶಾಸನವನ್ನು ತಂದರು. ಸಾಲದ ಶೂಲವನ್ನು ಅರಿತವರ ಕಾರ್ಯವದು, ನಿಸ್ಸಂದೇಹವಾಗಿ ಶ್ಲಾಘ್ಯವಾದುದು. ಆದರೆ ಶಾಸನದ ಲೆಕ್ಕದಲ್ಲಿ ಕೃಷಿಕನೆಂದರೆ ಭೂಮಿಯಲ್ಲಿ ಹಕ್ಕುಳ್ಳವನು. ಅದರಿಂದ ಒಡೆಯನ ಸಾಲ ತಗ್ಗಿತು. ಅವನ ಕೊಟ್ಟಿಗೆಯಲ್ಲಿ ಮಲಗಿದವನ ಸಾಲ ಹಾಗೆಯೇ ಉಳಿಯಿತು.

1950ರ ಸಂವಿಧಾನದ 23ನೆಯ ವಿಧಿಯು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದ ಮೇಲೆಯೂ ಕಾಲು ಶತಮಾನ ಕಳೆಯಬೇಕಾಯಿತು. 1975ರ ಅಕ್ಟೋಬರಿನ ಅಧ್ಯಾದೇಶವನ್ನು ಅನುಸರಿಸಿ ಬಂದ 1976ರ ಜೀತ ಪದ್ಧತಿ ರದ್ದಿಯಾತಿ ಶಾಸನವು ಜೀತದ ಸಾಲವನ್ನು ಒಂದೇ ಏಟಿಗೆ ಅಳಿಸಿಹಾಕಿತು. ಜೀತದಾಳನ್ನು ಅವನ ವಾಸದ ಮನೆಯಿಂದ ಹೊರಹಾಕಬಾರದೆಂದಿತು. ಸಾಲವು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿತು. ಜೀತ ಮಾಡಿಸಿಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆ ವಿಧಿಸಿತು. ಶಾಸನ ಬಂದ ಮಾತ್ರಕ್ಕೆ ಜೀತ ಹೋಗಲಿಲ್ಲ. ಹೊಸೂರಿನ ಗಡಿಗೆ ತಾಗಿದ ಆನೇಕಲ್ಲಿನಲ್ಲಿ 1980ರ ದಶಕದ ಕೊನೆಗೆ ಕಿರಣ್ ಕಮಲ್ ಪ್ರಸಾದರು ಆರಂಭಿಸಿದ ಕೆಲಸವೇ ಮುಂದೆ ‘ಜೀವಿಕ’ ಎಂಬ ಜೀತವಿಮುಕ್ತಿ ಸಂಘಟನೆಯಾಗಿ ಬೆಳೆಯಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಗಡಿಯ ಈಚೆಗೆ 1980ರಲ್ಲಿ ಅಶೋಕ್ ಲೇಲ್ಯಾಂಡ್, ಅನಂತರ ಟೈಟಾನ್ ಮೊದಲಾದ ಕಾರ್ಖಾನೆಗಳು ಹೊಸೂರಿಗೆ ಬಂದು, ಒಡೆಯನ ಮನೆಯ ಹೊರತಾಗಿಯೂ ಅನ್ನವುಂಟೆಂಬುದನ್ನು ಸುತ್ತಲಿನ ಹಳ್ಳಿಗಳಿಗೆ ತೋರಿಸಿದವು.

ಅನ್ಯಾಯದ ಮನೆಯನ್ನು ಬಿಟ್ಟು ಬಂದವರಿಗೆ ದೇವರಲ್ಲಿದ್ದ ವಿಶ್ವಾಸವನ್ನು ಮೌಢ್ಯವೆಂದು ತಳ್ಳಿಹಾಕುವುದು ಕೃತಘ್ನತೆಯಾದೀತು. ಯಾವ ಅಧಿಕಾರಿಯೂ ಬೆನ್ನಿಗಿಲ್ಲದ ಕಾಲದಲ್ಲಿ ಮನುಷ್ಯನ ಮಾನವನ್ನು ಕಾಪಾಡಿದ್ದು ಆ ವಿಶ್ವಾಸ. ಆದರೆ ಬಡವರ ಭಕ್ತಿಯ ಮೇಲೆ ಭಾರ ಹಾಕಿ ನಾವು ಸುಮ್ಮನಿರುವುದು ಧರ್ಮವಲ್ಲ. ಇಟ್ಟಿಗೆಗೂಡಿನಲ್ಲಾಗಲಿ, ಕಲ್ಲುಗಣಿಯಲ್ಲಾಗಲಿ, ಸ್ವಂತ ನೆಂಟರ ಮನೆಯಲ್ಲಿಯೇ ಆಗಲಿ, ಮುಂಗಡದ ಹೆಸರಿನಲ್ಲಿ ಹಿಡಿದಿಡಲ್ಪಟ್ಟವರು ಇಂದಿಗೂ ಇದ್ದಾರೆ. ಅಂಥವರನ್ನು ಬಲ್ಲ ವಾಚಕರು ಅವರಿಗೆ ಎರಡು ಮಾತು ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ: ಜೀತದ ಸಾಲವನ್ನು ತೀರಿಸಬೇಕಾಗಿಲ್ಲ, ಅದನ್ನು ಬಿಟ್ಟು ಹೊರಡುವುದು ಪಾಪವೂ ಅಲ್ಲ. ತಿಳಿಸಿದ ಮೇಲೆ ಅವರ ಜೊತೆಗೂಡಿ ಸಬ್ ಕಲೆಕ್ಟರ ಕಚೇರಿಯವರೆಗೆ ನಡೆಯುವುದು ನಮ್ಮ ಕರ್ತವ್ಯ.