ಒಪ್ಪಂದದ ಫೋಟೋದಲ್ಲಿ ಇಲ್ಲದ ಮೂರನೆಯವರು

ನಮ್ಮಕ್ಕನ ಮಗಳು ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಳೆ. ಹೋದ ವಾರ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಅವಳ ಕಾಲೇಜಿಗೂ ಒಂದು ಕಂಪನಿಗೂ ಒಪ್ಪಂದ ಆಗಿದೆ. ಪ್ರಿನ್ಸಿಪಾಲರು ಒಂದು ಕಡೆ, ಕಂಪನಿಯವರು ಇನ್ನೊಂದು ಕಡೆ, ನಡುವೆ ಫೈಲು, ಹಿಂದಿನ ಬ್ಯಾನರಿನಲ್ಲಿ ದೊಡ್ಡದಾಗಿ ‘ಇನ್ನೊವೇಷನ್’. ಕೆಳಗೆ ಅವಳದೊಂದೇ ಸಾಲು: “ಮಾವ, ಇದರಲ್ಲಿ ನಾವೆಲ್ಲಿದ್ದೀವಿ?”

ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಕೊನೇವರೆಗೂ ಓದಿ.

ನಮ್ಮಜ್ಜ ತೊಗಲು ಹದ ಮಾಡ್ತಿದ್ದ. ಹಸಿ ತೊಗಲನ್ನ ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಹೆರೆದು, ಆಮೇಲೆ ಅದನ್ನೇ ಚೀಲದ ಹಾಗೆ ಹೊಲಿದು, ಒಳಗೆ ತಂಗಡಿ ತೊಗಟೆ ತುಂಬಿ, ನೀರು ಹೊಯ್ದು ತೂಗುಹಾಕ್ತಿದ್ದ. ಎಷ್ಟು ದಿನ ಬಿಡಬೇಕು, ಯಾವಾಗ ಇಳಿಸಬೇಕು ಅನ್ನೋದು ಅವನ ಬೆರಳಿಗೆ ಗೊತ್ತಿತ್ತು. ಊರಿನ ಕಪಿಲೆ ಬಾವಿಗಳ ತೊಗಲ ಚೀಲ, ಗೌಡರ ಕಾಲಿನ ಮೆಟ್ಟು ಎಲ್ಲ ಅವನ ಕೈಯಿಂದಲೇ ಬಂದದ್ದು. ಆ ಮೆಟ್ಟು ಹಾಕಿಕೊಂಡು ಗೌಡರ ಬೀದಿಯಲ್ಲಿ ನಡೆಯೋ ಹಕ್ಕು ಮಾತ್ರ ಅವನಿಗೆ ಇರಲಿಲ್ಲ. ಇವತ್ತು ಇದೇ ಕೆಲಸಕ್ಕೆ ‘ಲೆದರ್ ಟೆಕ್ನಾಲಜಿ’ ಅಂತಾರೆ, ಅದಕ್ಕೆ ಡಿಗ್ರಿ ಇದೆ. ಹಾಗಾಗಿ ತೊಗಲಿನ ಕಥೆಯನ್ನೇ ಹಿಡಿದು ಹೇಳ್ತೀನಿ.

ಮೊದಲು ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಹೆನ್ರಿ ಪ್ರಾಕ್ಟರ್ ಅಂತ ಒಬ್ಬ ಇದ್ದ. 1848ರಲ್ಲಿ ಹುಟ್ಟಿದವನು, ಚರ್ಮ ಹದ ಮಾಡೋ ಮನೆತನದವನು. 1891ರಲ್ಲಿ ಲೀಡ್ಸ್ ಊರಿನ ಯಾರ್ಕ್‌ಷೈರ್ ಕಾಲೇಜು ಚರ್ಮೋದ್ಯಮಕ್ಕೆ ಅಂತಲೇ ಒಂದು ವಿಭಾಗ ತೆರೆದು, ಇವನನ್ನೇ ಮುಖ್ಯಸ್ಥನನ್ನಾಗಿ ಮಾಡಿತು. ಲಂಡನ್ನಿನ ಚರ್ಮ ವ್ಯಾಪಾರಿಗಳ ಹಳೇ ಸಂಘವೊಂದು ಅದಕ್ಕೆ ಹಣ ಕೊಟ್ಟಿತು. ಆ ಕಾಲೇಜೇ 1904ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯ ಆಯಿತು. ಪ್ರಾಕ್ಟರ್ ನಿವೃತ್ತನಾದ ಮೇಲೆ ಚರ್ಮೋದ್ಯಮದವರು ದುಡ್ಡು ಕೂಡಿಸಿ ಅವನ ಹೆಸರಲ್ಲೇ ಪ್ರಯೋಗಾಲಯ ಕಟ್ಟಿಸಿದರು. ವಿಶ್ವವಿದ್ಯಾಲಯ ಮತ್ತು ಉದ್ಯಮ ಕೈಕುಲುಕಿದ್ದು ಅಂದ್ರೆ ಇದು. ಆದ್ರೆ ಒಂದು ವಿಷಯ ಗಮನಿಸಿ. ಹದಗಾರರ ಮಗನೇ ಅಲ್ಲಿ ಪ್ರೊಫೆಸರ್ ಆದ. ಅವನ ಕೈ ವಾಸನೆ ಬರುತ್ತೆ ಅಂತ ಯಾರೂ ಅವನನ್ನ ಬಾಗಿಲ ಹೊರಗೆ ನಿಲ್ಲಿಸಲಿಲ್ಲ.

ಈಗ ಮದ್ರಾಸಿಗೆ ಬನ್ನಿ. ಅಲ್ಲಿಂದ ‘ಈಸ್ಟ್ ಇಂಡಿಯಾ ಕಿಪ್ಸ್’ ಅನ್ನೋ ಹೆಸರಲ್ಲಿ ತೊಗಟೆ ಹಾಕಿ ಹದ ಮಾಡಿದ ತೊಗಲು ವಿಲಾಯಿತಿಗೆ ಹೋಗ್ತಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಹೊಸ ದಾರಿ ಹುಟ್ಟಿತು. 1884ರಲ್ಲಿ ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಜ್ ಅನ್ನೋ ಕೆಮಿಸ್ಟ್ ಕ್ರೋಮಿಯಂ ಉಪ್ಪಿನಿಂದ ಹದ ಮಾಡೋ ವಿಧಾನಕ್ಕೆ ಪೇಟೆಂಟ್ ಪಡೆದ. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯೋ ಕೆಲಸ ಕ್ರೋಮಿನಲ್ಲಿ ಬಹಳ ಬೇಗ ಮುಗೀತಿತ್ತು. ಮದ್ರಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಪ್ರೊಫೆಸರ್ ಆಗಿ ಬಂದಿದ್ದ ಆಲ್ಫ್ರೆಡ್ ಚಾಟರ್ಟನ್, 1903ರಿಂದ ಈ ಕ್ರೋಮ್ ಹದವನ್ನ ಇಲ್ಲಿ ಪ್ರಯೋಗ ಮಾಡಿ ನೋಡಿದ. ಅವನ ಕಣ್ಣಿದ್ದದ್ದು ಯಾವುದರ ಮೇಲೆ ಗೊತ್ತಾ? ಬಾವಿಯಿಂದ ನೀರೆತ್ತೋ ತೊಗಲ ಚೀಲದ ಮೇಲೆ. ನೀರಲ್ಲಿ ನೆನೆದರೂ ಕ್ರೋಮ್ ತೊಗಲು ಬಾಳಿಕೆ ಬರುತ್ತೆ ಅನ್ನೋದು ಅವನ ಲೆಕ್ಕ. ನಮ್ಮಜ್ಜನಂಥವರು ತಲೆತಲಾಂತರದಿಂದ ಮಾಡ್ತಿದ್ದ ವಸ್ತುವೇ ಅದು!

ಸರ್ಕಾರ ಕಾರ್ಖಾನೆ ನಡೆಸಿ ನಮಗೆ ಪೈಪೋಟಿ ಕೊಡಬಾರದು ಅಂತ ಬಿಳಿ ವ್ಯಾಪಾರಿಗಳು ಗಲಾಟೆ ಮಾಡಿದರು. 1910ರಲ್ಲಿ ಲಂಡನ್ನಿನಿಂದ ಆದೇಶ ಬಂತು, ಸರ್ಕಾರಿ ಕ್ರೋಮ್ ಕಾರ್ಖಾನೆ ಕೈಬಿಟ್ಟು ಹೋಯಿತು. ವ್ಯಾಪಾರಿಗಳ ದೂರು ಲಂಡನ್ನಿನವರೆಗೂ ಕೇಳಿಸಿತು. ತೊಗಲು ಹದ ಮಾಡೋ ಕೇರಿಯವರನ್ನ ಯಾರು ಕೇಳಿದರು?

ಇದೇ ಚಾಟರ್ಟನ್ 1912ರಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದ, ಕೈಗಾರಿಕಾ ನಿರ್ದೇಶಕನಾಗಿ. ಆಗ ಬೆಂಗಳೂರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ, ಆಗಷ್ಟೇ ಶುರುವಾಗಿತ್ತು. ಜಾಗ ಕೊಟ್ಟಿದ್ದು ಮೈಸೂರು ಅರಮನೆ, 371 ಎಕರೆ. 1914ರಲ್ಲಿ ಯುದ್ಧ ಶುರುವಾಗಿ, ಜರ್ಮನಿಗೆ ಹೋಗ್ತಿದ್ದ ಶ್ರೀಗಂಧದ ಕೊರಡು ಇಲ್ಲೇ ಉಳಿಯಿತು. ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ತೆಗೆಯೋ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಲ್ಲಿ, ಮರುವರ್ಷ ಮೈಸೂರಲ್ಲಿ ಎಣ್ಣೆ ಕಾರ್ಖಾನೆ ಎದ್ದವು. ಸೋಪೂ ಬಂತು. ನಾವೆಲ್ಲ ಹೆಮ್ಮೆಪಡೋ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದೇ ಪ್ರಯೋಗಾಲಯ ಮತ್ತು ಕಾರ್ಖಾನೆಯ ಈ ಸ್ನೇಹದಿಂದ. ಹೆಮ್ಮೆ ನನಗೂ ಇದೆ.

ಆದ್ರೆ ಅದೇ ವರ್ಷಗಳ ಇನ್ನೊಂದು ಕಥೆ ಸೋಪಿನ ಡಬ್ಬಿ ಮೇಲೆ ಇರಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡೋ ವಿಚಾರಕ್ಕೆ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ, ಆ ಭಿನ್ನಾಭಿಪ್ರಾಯದಲ್ಲೇ ಹುದ್ದೆ ಬಿಟ್ಟರು. ವಿಜ್ಞಾನವೂ ಬಂಡವಾಳವೂ ಒಂದಾಗೋಕೆ ಯಾರ ತಕರಾರೂ ಇರಲಿಲ್ಲ. ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಕೇಳಿದ ಕೂಡಲೇ ‘ಅರ್ಹತೆ’ ನೆನಪಾಯಿತು. ಈ ಮಾತು ಇವತ್ತಿಗೂ ನಿಮ್ಮ ಕಿವಿಗೆ ಬೀಳುತ್ತೆ ಅಲ್ವಾ?

ಸ್ವಾತಂತ್ರ್ಯ ಬಂತು. 1948ರಲ್ಲಿ ಮದ್ರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಆಯಿತು. ಪಕ್ಕದಲ್ಲೇ ಅಳಗಪ್ಪ ಚೆಟ್ಟಿಯಾರ್ ತಂತ್ರಜ್ಞಾನ ಕಾಲೇಜು. ಪಾಠ, ಸಂಶೋಧನೆ, ಉದ್ಯಮ ಮೂರೂ ಒಟ್ಟಿಗೆ ನಡೆದವು. 1958ರಲ್ಲಿ ನಿರ್ದೇಶಕರಾದ ಯಲವರ್ತಿ ನಾಯುಡಮ್ಮನವರ ಬಗ್ಗೆ ನನಗೆ ಗೌರವ ಇದೆ. ಪ್ರಯೋಗಾಲಯದ ವಿದ್ಯೆ ಹಳ್ಳಿಯ ಹದಗಾರನ ತನಕ ಹೋಗಬೇಕು ಅಂತ ದುಡಿದವರು ಅವರು. 1970ರ ದಶಕದಲ್ಲಿ ದೇಶ ಅರೆಹದದ ತೊಗಲು ಮಾರೋದನ್ನ ಕಡಿಮೆ ಮಾಡಿ, ಪೂರ್ತಿ ಸಿದ್ಧವಾದ ಚರ್ಮ ಮತ್ತು ಶೂ ರಫ್ತು ಮಾಡೋ ಕಡೆ ತಿರುಗಿತು. ಆಂಬೂರು, ರಾಣಿಪೇಟೆ ಕಡೆ ಫ್ಯಾಕ್ಟರಿಗಳು ಬೆಳೆದವು.

ಲಾಭ ರಫ್ತುದಾರರಿಗೆ ಹೋಯಿತು. ಕ್ರೋಮಿನ ವಿಷ ಪಾಲಾರ್ ನದಿಗೆ ಹೋಯಿತು. ಮಲಿನ ಮಾಡಿದವರೇ ದಂಡ ತೆರಬೇಕು ಅಂತ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 1996 ಬಂದಿತ್ತು. ನಮ್ಮವರು ಗುಂಡಿಯಿಂದ ಡ್ರಮ್ಮಿಗೆ ಬಂದರು, ಕೂಲಿಗಳಾಗಿ.

ಇಲ್ಲಿ ಕೆಲವು ಗೆಳೆಯರು ಕೇಳ್ತಾರೆ: “ಸತ್ತ ದನ ಹೊರೋದು ಬಿಡಿ ಅಂತ ಬಾಬಾಸಾಹೇಬರೇ ಹೇಳಿದ್ದಾರಲ್ಲ, ನೀನ್ಯಾಕೆ ತೊಗಲನ್ನ ಹೊಗಳ್ತೀಯ?” ನಾನು ತೊಗಲನ್ನ ಹೊಗಳ್ತಿಲ್ಲ. ಜಾತಿ ಹೊರಿಸಿದ ಕೆಲಸ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೆಲಸ ಬಿಡೋದು ಬೇರೆ, ಆ ಕೆಲಸದೊಳಗಿದ್ದ ವಿದ್ಯೆಯ ಒಡೆತನ ಬಿಟ್ಟುಕೊಡೋದು ಬೇರೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ತೊಗಲು ಸುಲಿದರು ಅಂತ ನಮ್ಮ ಹುಡುಗರನ್ನ ಕಟ್ಟಿಹಾಕಿ ಬಾರಿಸಿದರು. ಪ್ರಯೋಗಾಲಯದ ಮೇಜಿನ ಮೇಲೆ ಅದೇ ತೊಗಲಿಗೆ ‘ಕಚ್ಚಾ ವಸ್ತು’ ಅನ್ನೋ ಹೆಸರು.

ಒಂದು ಆಸೆಯ ಕಥೆಯೂ ಇದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋನಲ್ಲಿ ಹಾಗೇ ಕಾಣೋ ಚಪ್ಪಲಿ ತೋರಿಸಿತು. ಯಾರ ಕೈಕೆಲಸ ಅನ್ನೋದನ್ನ ಹೇಳಲೇ ಇಲ್ಲ. ಇಲ್ಲಿಂದ ಗದ್ದಲ ಎದ್ದ ಮೇಲೆ, ಇದು ಭಾರತದ ಕುಶಲಕರ್ಮಿಗಳ ಚಪ್ಪಲಿಯಿಂದ ಬಂದದ್ದು ಅಂತ ಒಪ್ಪಿಕೊಂಡಿತು. ಅಥಣಿ, ನಿಪ್ಪಾಣಿ ಕಡೆ ಅಟ್ಟೆ ಬಡಿಯೋ ಅಕ್ಕ, ಅಣ್ಣಂದಿರಿಗೆ ಅದರಿಂದ ಮನೆ ತುಂಬಲಿಲ್ಲ, ನಿಜ. ಆದ್ರೆ ಕಾಗದದ ಮೇಲೆ ಹೆಸರಿದ್ದರೆ ಕೇಳೋಕೆ ಒಂದು ಬಾಯಿ ಇರುತ್ತೆ ಅನ್ನೋದು ಗೊತ್ತಾಯಿತು.

ಹಾಗಾಗಿ ಪುಟ್ಟಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ: ಆ ಫೋಟೋದಲ್ಲಿ ನಾವಿಲ್ಲ, ಆದ್ರೆ ಆ ಫೈಲಿನೊಳಗೆ ನಾವಿದ್ದೀವಿ. ಹೆಸರಿಲ್ಲದೆ ಇದ್ದೀವಿ. ವಿಶ್ವವಿದ್ಯಾಲಯ ಮತ್ತು ಕಂಪನಿ ಕೈಕುಲುಕೋದಕ್ಕೆ ನಮ್ಮ ವಿರೋಧ ಇಲ್ಲ. ಆ ಫೈಲನ್ನ ತೆರೆದು ಓದು. ಯಾರ ವಿದ್ಯೆ ಬಳಸ್ತಿದ್ದಾರೆ? ಪೇಟೆಂಟ್ ಯಾರ ಹೆಸರಲ್ಲಿ? ಫೆಲೋಶಿಪ್ಪಿನಲ್ಲಿ, ಸ್ಟಾರ್ಟಪ್ ದುಡ್ಡಿನಲ್ಲಿ ಮೀಸಲಾತಿ ಇದೆಯಾ? ಕೊಳಕು ನೀರು ಯಾರ ಕೇರಿಗೆ ಹರಿಯುತ್ತೆ? ಈ ನಾಲ್ಕು ಪ್ರಶ್ನೆಗಳನ್ನ ನಿನ್ನ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡು. ಒಬ್ಬಳೇ ಹೋಗಬೇಡ, ಹಾಸ್ಟೆಲಿನ ಗೆಳತಿಯರನ್ನ ಕರ್ಕೊಂಡು ಹೋಗು.

ನಿಮ್ಮ ನಿಮ್ಮ ಕಾಲೇಜುಗಳಲ್ಲಿ ಇಂಥ ಒಪ್ಪಂದ ಆಗಿದ್ದರೆ ನೀವೂ ಕೇಳಿ. ಬಂದ ಉತ್ತರ ಇಲ್ಲಿ ಬರೆಯಿರಿ, ಉತ್ತರ ಬರದಿದ್ದರೆ ಅದನ್ನೂ ಬರೆಯಿರಿ.

ಜೈಭೀಮ್.