ಹರಳು, ಗುಳಿ, ಬೆಲೆ: ‘ಡಯಾಬ್ಲೊ 2’ ಆಟದಲ್ಲಿ ಖರ್ಚಾಗುವ ವಸ್ತುಗಳು

ಆಟದಿಂದ ಸಂಪತ್ತು ಹುಟ್ಟುವುದಿಲ್ಲ, ಇದ್ದದ್ದು ಆಟಗಾರರ ನಡುವೆ ಕೈ ಬದಲಾಗುತ್ತದೆ ಅಷ್ಟೆ ಎಂದು ಫ್ರೆಂಚ್ ಚಿಂತಕ ರೋಜೆ ಕೈವಾ 1958ರಲ್ಲಿ ವಾದಿಸಿದರು. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಮನೆಮಂದಿ ಆಡುತ್ತಿದ್ದ ಅಳಗುಳಿಮಣೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಏಳೇಳು ಗುಳಿಗಳ ಎರಡು ಸಾಲಿನಲ್ಲಿ ಹುಣಸೆಬೀಜ ಎಷ್ಟು ಸುತ್ತು ತಿರುಗಿದರೂ, ಯಾರ ಪಾಲಿಗೆ ಹೋದರೂ, ಕೊನೆಗೆ ಎಣಿಸಿದಾಗ ಲೆಕ್ಕ ಮೊದಲಿನಷ್ಟೇ.

ಕಂಪ್ಯೂಟರ್ ಆಟಗಳ ಮಟ್ಟಿಗೆ ಕೈವಾರ ವಾದ ನಿಲ್ಲದೆಂಬುದನ್ನು ಈಗ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ‘ಎವರ್‌ಕ್ವೆಸ್ಟ್’ ಆಟದ ವಸ್ತುಗಳು ನಿಜವಾದ ಡಾಲರಿಗೆ ಮಾರಾಟವಾಗುವುದನ್ನು ಎಡ್ವರ್ಡ್ ಕ್ಯಾಸ್ಟ್ರೊನೋವಾ 2001ರಲ್ಲೇ ವಿವರಿಸಿದ್ದರು. ಆದರೆ ಈ ಖಂಡನೆ ಹೊರಗಿನ ಮಾರುಕಟ್ಟೆಯನ್ನು ನೆಚ್ಚಿದೆ. ಒಂದು ಪೈಸೆಯ ವ್ಯಾಪಾರ ನಡೆಯದಿದ್ದರೂ ಆಟದೊಳಗೇ ಬೆಲೆ ಹುಟ್ಟುತ್ತದೆ ಎಂಬುದು ನನ್ನ ನಿಲುವು.

2000ದ ‘ಡಯಾಬ್ಲೊ 2’ ಮತ್ತು ಮರುವರ್ಷದ ಅದರ ವಿಸ್ತರಣೆಯನ್ನೇ ನೋಡೋಣ. ರಾಕ್ಷಸರನ್ನು ಕೊಂದಷ್ಟೂ ವಸ್ತುಗಳು ಉದುರುತ್ತಲೇ ಇರುತ್ತವೆ. ಇಲ್ಲಿ ಬೀಜದ ಲೆಕ್ಕಕ್ಕೆ ಮಿತಿಯಿಲ್ಲ. ಕುಡಿದ ಪೋಷನ್ ಅಲ್ಲಿಗೇ ಮುಗಿಯಿತು, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಆಯುಧದ ಗುಳಿಯಲ್ಲಿ ಕೂರಿಸುವ ಹರಳು ಮತ್ತು ಅಕ್ಷರ ಕೆತ್ತಿದ ಕಲ್ಲುಗಳಾದ ರೂನ್‌ಗಳ ಬಗ್ಗೆ. ಒಂದೇ ದರ್ಜೆಯ ಮೂರು ಹರಳು ಸೇರಿದರೆ ಮೇಲಿನ ದರ್ಜೆಯದೊಂದು. ಹೀಗೆ ಐದನೆಯ ದರ್ಜೆಯ ಒಂದು ಹರಳಿಗೆ ಮೊದಲ ದರ್ಜೆಯ 81 ಬೇಕು. ‘ಎನಿಗ್ಮಾ’ ಎಂಬ ರೂನ್‌ಪದಕ್ಕೆ ಮೂರು ಗುಳಿಯ ಸಾದಾ ಕವಚದಲ್ಲಿ ಜಾಹ್, ಇತ್, ಬರ್ ರೂನ್‌ಗಳನ್ನು ಇದೇ ಕ್ರಮದಲ್ಲಿ ಕೂರಿಸಬೇಕು. ಕ್ರಮ ತಪ್ಪಿದರೆ ರೂನ್‌ಪದ ಆಗುವುದಿಲ್ಲ, ದುರ್ಲಭವಾದ ಜಾಹ್ ಮತ್ತು ಬರ್ ಎರಡೂ ಹೋದಂತೆಯೇ. ಹೆಲ್ ರೂನ್ ಮತ್ತು ಊರಿಗೆ ಮರಳುವ ಸುರುಳಿಯೊಂದನ್ನು ಬಳಸಿ ಗುಳಿಗಳನ್ನು ಖಾಲಿ ಮಾಡಬಹುದು, ಆದರೆ ಕವಚ ಮಾತ್ರ ಉಳಿಯುತ್ತದೆ, ಕೂರಿಸಿದ್ದೆಲ್ಲ ನಾಶವಾಗುತ್ತದೆ. ಅಂದರೆ ಆಟದ ನಿಯಮವೇ ಹರಳನ್ನು ಪೋಷನ್ನಿನ ಸಾಲಿಗೆ ಸೇರಿಸಿದೆ.

ಹರಳಿನ ಬೆಲೆಗೆ ವಿರಳತೆಯಷ್ಟೇ ಈ ಮರಳಿ ಬಾರದ ಗುಣವೂ ಕಾರಣ. ಬಹುಶಃ ವಿರಳತೆಗಿಂತ ಹೆಚ್ಚಾಗಿ ಕಾರಣ. ಇಷ್ಟು ಹೇಳುವಾಗಲೂ ಎಚ್ಚರ ಬೇಕು. ‘ಸ್ಟೋನ್ ಆಫ್ ಜೋರ್ಡಾನ್’ ಧರಿಸುವ ಉಂಗುರ, ಖರ್ಚಾಗುವಂಥದ್ದಲ್ಲ. ಆದರೂ ವರ್ಷಗಟ್ಟಲೆ ಅದೇ ನಾಣ್ಯವಾಗಿ ಚಲಾವಣೆಯಲ್ಲಿತ್ತು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರತಿಸಾಕ್ಷ್ಯ ಇಲ್ಲ. ಚೀಲದಲ್ಲಿ ಒಂದೇ ಮನೆ ಹಿಡಿಯುವುದು, ಎಲ್ಲ ಉಂಗುರಗಳ ಗುಣವೂ ಒಂದೇ ಆಗಿರುವುದು ಅದಕ್ಕೆ ಅನುಕೂಲವಾಗಿತ್ತು. ಆದರೆ ನಕಲಿ ಪ್ರತಿಗಳು ಹಬ್ಬಿ ಅದರ ಬೆಲೆ ಇಳಿಯಿತು, 2003ರ 1.10 ಪರಿಷ್ಕರಣೆಯ ನಂತರ ಅದರ ಜಾಗಕ್ಕೆ ಖರ್ಚಾಗುವ ದೊಡ್ಡ ರೂನ್‌ಗಳು ಬಂದವು. ಈ ಉಂಗುರಗಳನ್ನು ಆಟದೊಳಗಿನ ವರ್ತಕರಿಗೆ ಮಾರಿ ಪ್ರಬಲ ಡಯಾಬ್ಲೊನನ್ನು ಬರಿಸುವ ವ್ಯವಸ್ಥೆಯನ್ನು ತಂದದ್ದೂ ಇದೇ ಪರಿಷ್ಕರಣೆ. ನಾಣ್ಯವಾಗಿದ್ದ ವಸ್ತುವಿಗೂ ಖರ್ಚಿನ ದಾರಿ ಬೇಕಾಯಿತು ಎಂಬುದನ್ನು ನಾನು ನನ್ನ ಪರವಾದ ಸಾಕ್ಷ್ಯವೆಂದೇ ಪರಿಗಣಿಸುತ್ತೇನೆ.

ಇನ್ನೂ ಸ್ಪಷ್ಟ ನಿದರ್ಶನ ನ್ಯೂಜಿಲೆಂಡಿನಲ್ಲಿ ತಯಾರಾದ, 2013ರ ‘ಪಾತ್ ಆಫ್ ಎಕ್ಸೈಲ್’. ಅಲ್ಲಿ ಕೌಶಲದ ಹರಳನ್ನು ಗುಳಿಯಿಂದ ಬೇಕಾದಾಗ ತೆಗೆಯಬಹುದು, ವಸ್ತುವಿನ ಗುಣ ಬದಲಿಸುವ ‘ಆರ್ಬ್’ ಮಾತ್ರ ಬಳಸಿದೊಡನೆ ಮುಗಿಯುತ್ತದೆ. 2024ರವರೆಗೆ ಚಿನ್ನದ ನಾಣ್ಯವಿಲ್ಲದಿದ್ದ ಆ ಆಟದಲ್ಲಿ ಹಣವಾದದ್ದು ಆರ್ಬ್, ಹರಳಲ್ಲ. 2012ರ ‘ಡಯಾಬ್ಲೊ 3’ರಲ್ಲಿ ಚಿನ್ನ ತೆತ್ತು ಹರಳನ್ನು ಬಿಡಿಸಿಕೊಳ್ಳಬಹುದಾದ್ದರಿಂದ, ಕೂರಿಸುವ ಮುನ್ನ ಅಳೆದು ತೂಗುವ ಅಗತ್ಯವೇ ಹೋಯಿತು.

ಇದು ಕೊಡುಕೊಳ್ಳುವಿಕೆ ಇರುವ ಆಟಗಳ ಮಟ್ಟಿಗಿನ ತೀರ್ಮಾನ. ಒಂಟಿಯಾಗಿ ಆಡುವವರೂ ದೊಡ್ಡ ರೂನ್‌ಗಳನ್ನು ಬಳಸದೆ ಪೆಟ್ಟಿಗೆಯಲ್ಲಿ ಕೂಡಿಡುತ್ತಾರೆ. ಕೊಳ್ಳುವವರೇ ಇಲ್ಲದ ಕಡೆ ಆ ಹಿಂಜರಿಕೆಯನ್ನು ಬೆಲೆ ಎನ್ನಬಹುದೇ, ಕೇವಲ ನಷ್ಟದ ಭಯ ಎನ್ನಬೇಕೇ ಎಂಬುದು ಇಲ್ಲಿನ ಸಾಕ್ಷ್ಯದಿಂದ ತೀರ್ಮಾನವಾಗುವುದಿಲ್ಲ. ಅದಕ್ಕೆ ಆಟಗಾರರ ಪೆಟ್ಟಿಗೆಗಳನ್ನೇ ದೀರ್ಘಕಾಲ ಗಮನಿಸುವ ಅಧ್ಯಯನ ಬೇಕು.