ನೀರು ಏರದ ಊರಿಗೆ ವಿದ್ಯುತ್ತು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ತುಂಗಭದ್ರಾ ಜಲಾಶಯಕ್ಕೆ ತೀರಾ ಹತ್ತಿರವಲ್ಲ. ನೆಲವೂ ಎತ್ತರದ್ದು. ಕಾಲುವೆಯ ನೀರು ತಾನಾಗಿ ಅಲ್ಲಿಗೆ ಏರದು. ತಂತಿಯ ಮೇಲೆ ಹರಿಯುವ ವಿದ್ಯುತ್ತಿಗೆ ಆ ತಡೆಯಿಲ್ಲ. ಈ ಸೀಮೆಗೆ ವಿದ್ಯುತ್ತು ಬರೀ ದೀಪವಲ್ಲ, ಕೊಳವೆಬಾವಿಯ ನೀರೂ ಹೌದು.

ತುಂಗಭದ್ರಾ ಅಣೆಕಟ್ಟು ಅಂದಿನ ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳ ಕೂಡುಯೋಜನೆ. 1945ರ ಫೆಬ್ರವರಿಯಲ್ಲಿ ಹೊಳೆಯ ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆಯಿತು. 1953ರಲ್ಲಿ ನೀರು ನಿಂತಿತು. ಕಲ್ಲು, ಸುಣ್ಣ, ಸುರ್ಕಿಗಾರೆಯಿಂದ ಕಟ್ಟಿದ ಈ ಕಟ್ಟೆಗೆ 33 ಬಾಗಿಲುಗಳು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಒಲೆ ಹೂಡಿದರು.

ಬಲದಂಡೆಯಲ್ಲಿ 1957ರಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅಣೆಕಟ್ಟಿನ ಬುಡದಲ್ಲಿ 36 ಮೆಗಾವಾಟ್. ಅದೇ ನೀರು ಕಾಲುವೆಯಲ್ಲಿ ಸಾಗಿ ಹಂಪಿಯ ವಿದ್ಯುದಾಗಾರದಲ್ಲಿ ಮತ್ತೆ ಧುಮುಕಿದಾಗ ಇನ್ನೊಂದು 36. ಎಡದಂಡೆಯ ಮುನಿರಾಬಾದಿನಲ್ಲಿ 28. ಒಟ್ಟು 100 ಮೆಗಾವಾಟ್.

ಇಷ್ಟು ದೊಡ್ಡ ಜಲಾಶಯಕ್ಕೆ ಇಷ್ಟೇ ಏಕೆ? ಸೆಕೆಂಡಿಗೆ ಒಂದು ಘನಮೀಟರ್ ನೀರು ಒಂದು ಮೀಟರ್ ಬಿದ್ದರೆ ಸಿಗಬಹುದಾದದ್ದು ಹೆಚ್ಚೆಂದರೆ 9.8 ಕಿಲೋವಾಟ್. ಬೀಳುವ ಎತ್ತರ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಶರಾವತಿಯಲ್ಲಿ ನೀರು 400 ಮೀಟರಿಗೂ ಮಿಕ್ಕಿ ಇಳಿಯುತ್ತದೆ. ಆದ್ದರಿಂದ ಅಲ್ಲಿನ ಸ್ಥಾಪಿತ ಸಾಮರ್ಥ್ಯ 1,035 ಮೆಗಾವಾಟ್. ತುಂಗಭದ್ರೆಯದು ಬಯಲುಸೀಮೆಯ ಅಣೆಕಟ್ಟು. ಅಲ್ಲದೆ ಇಲ್ಲಿ ನೀರಿನ ಮೊದಲ ಹಕ್ಕು ಬೆಳೆಗೆ. ಕಾಲುವೆಗೆ ಬಿಟ್ಟಾಗಲೇ ಯಂತ್ರ ಹೆಚ್ಚಾಗಿ ತಿರುಗುವುದು.

1953ರಲ್ಲಿ ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ಕೂಡುಸ್ವತ್ತನ್ನು ನಡೆಸಲು ತುಂಗಭದ್ರಾ ಮಂಡಳಿ ರಚನೆಯಾಯಿತು. ಬಲದಂಡೆಯ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೆ ಗೊತ್ತಾದದ್ದು ಐದರಲ್ಲಿ ಒಂದು ಪಾಲು. ಹಳ್ಳಿಗಳು ಮುಳುಗಿದ್ದು ಕನ್ನಡ ನಾಡಿನವು ಎಂಬುದನ್ನು ನೆನೆದಾಗ ಈ ಲೆಕ್ಕ ಸುಲಭವಾಗಿ ಜೀರ್ಣವಾಗದು.

ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲೇ ಕೊಚ್ಚಿಹೋಯಿತು. ತಾತ್ಕಾಲಿಕ ಬಾಗಿಲು ಇಳಿಸುವವರೆಗೆ ಹರಿದುಹೋದ ನೀರು ರೈತನ ಬೆಳೆಯೂ ಹೌದು, ವಿದ್ಯುತ್ತೂ ಹೌದು.

ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ರೂಪುಗೊಂಡದ್ದು ಈ ಹಿನ್ನೆಲೆಯಲ್ಲೇ. ತಾನಾಗಿ ಏರದ ನೀರನ್ನು ಮೇಲೆತ್ತಲು ಬೇಕಾದದ್ದು ಮತ್ತೆ ವಿದ್ಯುತ್ತೇ. ಹೂಳನ್ನೂ ಬಾಗಿಲನ್ನೂ ಕಾಯದೆ ಹೋದರೆ, ಎತ್ತಲು ನೀರೇ ಉಳಿಯದು.